ಆಗುಂಬೆಗೆ ಸೈಕಲ್: ಏರಿನ ಲೆಕ್ಕ, ಇಳಿಜಾರಿನ ಲೆಕ್ಕ

ಕಳೆದ ತಿಂಗಳು ದ್ವಿತೀಯ ಪಿಯುಸಿಯ ನಾಲ್ವರು ಹುಡುಗರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಸಾರ್, ಆಗುಂಬೆಗೆ ಸೈಕಲಲ್ಲಿ ಹೋಗ್ಲಿಕ್ಕೆ ಆಗ್ತದಾ?” ಎಂದು ಕೇಳಿದರು. ಉಡುಪಿಯಿಂದ 55 ಕಿಲೋಮೀಟರ್, ಗಂಟೆಗೆ ಹದಿನೈದರಂತೆ ಹೋದರೆ ನಾಲ್ಕು ಗಂಟೆಯೊಳಗೆ ತಲುಪಬಹುದು, ಮಧ್ಯಾಹ್ನ ಊಟ ಮಾಡಿ ಸಂಜೆಗೆ ಮನೆ. ಅವರ ಲೆಕ್ಕ ಇಷ್ಟೇ ಇತ್ತು. ಭಾಗಾಕಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಬೇರೆ ಕಡೆ. ನಾನು ಆಗ “ನಾಳೆ ಹೇಳ್ತೇನೆ” ಎಂದು ಕಳುಹಿಸಿದೆ. ಮರುದಿನ ಹೇಳಲು ಕುಳಿತರೆ ಅದು ಒಂದು ಪಿರಿಯಡ್‌ನಲ್ಲಿ ಮುಗಿಯಲಿಲ್ಲ. ಅಷ್ಟರಲ್ಲಿ ವಿಜ್ಞಾನ ವಿಭಾಗದ ಇಬ್ಬರು ವಿದ್ಯಾರ್ಥಿನಿಯರೂ ಅದನ್ನೇ ಕೇಳಿದ್ದರಿಂದ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬಯಲಿನಲ್ಲಿ ಸೈಕಲ್ ದಾರಿಯನ್ನು ಕಿಲೋಮೀಟರ್‌ನಲ್ಲಿ ಅಳೆಯಬಹುದು. ಘಾಟಿಯಲ್ಲಿ ಹಾಗಲ್ಲ. ಅಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಎತ್ತರ ಏರಬೇಕು, ಅದನ್ನು ಎಷ್ಟು ದೂರದಲ್ಲಿ ಏರಬೇಕು ಎಂಬುದು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು, ಏರಿದ ಮೇಲೆ ಇಳಿಯುವುದು ಹೇಗೆ ಎಂದು. ಈ ಕೊನೆಯ ಪ್ರಶ್ನೆಯನ್ನು ಆ ನಾಲ್ವರಲ್ಲಿ ಒಬ್ಬನೂ ಕೇಳಿರಲಿಲ್ಲ. ಅವರ ವಯಸ್ಸಿನಲ್ಲಿ ನಾನೂ ಕೇಳಿರಲಿಲ್ಲ.

ಮೊದಲು ಈ ಬೆಟ್ಟದ ಬಗ್ಗೆ ಸ್ವಲ್ಪ. ಪಶ್ಚಿಮ ಘಟ್ಟವನ್ನು ನಾವು ಬೆಟ್ಟದ ಸಾಲು ಎನ್ನುತ್ತೇವೆ. ಸುಮಾರು 1,600 ಕಿ.ಮೀ. ಉದ್ದದ ಈ ಸಾಲಿನ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹಿಮಾಲಯದಂತೆ ಎರಡು ಕಡೆಯಿಂದ ಒತ್ತಿ ಮೇಲೆದ್ದ ಬೆಟ್ಟ ಇದಲ್ಲ. ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು ಇದು. ಮೇಜಿನ ಅಂಚಿನಂತೆ ಎಂದುಕೊಳ್ಳಿ. ಸಮುದ್ರದ ಕಡೆಗೆ ಒಮ್ಮೆಲೇ ಕುಸಿಯುತ್ತದೆ, ಪೂರ್ವಕ್ಕೆ ಮೆಲ್ಲಗೆ ಇಳಿಯುತ್ತದೆ. ಸೈಕಲ್ ಸವಾರನಿಗೆ ಇದರ ಅರ್ಥ ಏನೆಂದರೆ, ನಮ್ಮ ಕಡೆಯಿಂದ ಹೊರಟವರಿಗೆ ಎಲ್ಲ ಏರೂ ಒಂದೇ ಜಾಗದಲ್ಲಿ ಸಿಗುತ್ತದೆ. ಹತ್ತಿ ಮುಗಿದ ಮೇಲೆ ಆಚೆಗೆ ಇಳಿಜಾರು ಇರುವುದಿಲ್ಲ. ಗದ್ದೆ, ತೋಟ, ಸಣ್ಣ ಏರು, ಸಣ್ಣ ಇಳಿತ, ಹೀಗೆ ಮಲೆನಾಡು ಶುರುವಾಗುತ್ತದೆ. ಘಟ್ಟದ ಮೇಲಿನವರು ತಿರುಗಿ ನೋಡಿದರೆ ಇದೇ ರಸ್ತೆ ಬರೀ ಇಳಿಜಾರು. ತೀರ್ಥಹಳ್ಳಿಯವರು “ಆಗುಂಬೆ ದಾರಿ ಏನೂ ಕಷ್ಟ ಇಲ್ಲ” ಎಂದರೆ ಅವರ ಮಟ್ಟಿಗೆ ಅದು ಸುಳ್ಳಲ್ಲ!

ಇನ್ನು ದಾರಿ. ರಾಷ್ಟ್ರೀಯ ಹೆದ್ದಾರಿ 169ಎ. ಮಣಿಪಾಲ, ಪರ್ಕಳ, ಹಿರಿಯಡಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ, ಆಗುಂಬೆ. ಹೆಬ್ರಿಯವರೆಗಿನ ದಾರಿಯನ್ನು ಸಪಾಟು ಎಂದುಕೊಳ್ಳಬೇಡಿ. ಮಣಿಪಾಲವೇ ಒಂದು ಗುಡ್ಡದ ನೆತ್ತಿ. ಆಮೇಲೆಯೂ ರಸ್ತೆ ಏಳುತ್ತ ಬೀಳುತ್ತ ಹೋಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಗೊತ್ತಾಗುವುದಿಲ್ಲ. ತೊಡೆಗೆ ಗೊತ್ತಾಗುತ್ತದೆ. ಬಸ್ಸು, ಟಿಪ್ಪರ್ ಓಡಾಟವೂ ಈ ಭಾಗದಲ್ಲೇ ಹೆಚ್ಚು. ನೋಡಲು ಚೆಂದ ಎನ್ನುವಂಥದ್ದು ಶುರುವಾಗುವುದು ಹೆಬ್ರಿ ದಾಟಿದ ಮೇಲೆ. ಮರಗಳು ಎರಡೂ ಬದಿಯಿಂದ ಬಾಗುತ್ತವೆ, ಬಿಸಿಲು ಕಡಿಮೆಯಾಗುತ್ತದೆ. ಸೋಮೇಶ್ವರ ವನ್ಯಜೀವಿಧಾಮದ ಕಾಡು ಅದು. ಎದುರಿಗೆ ಗೋಡೆಯ ಹಾಗೆ ಘಟ್ಟ ನಿಂತಿರುತ್ತದೆ. ಅಲ್ಲಿಂದ ಮೇಲೆ ಎಲ್ಲಿ ದಾರಿ ಇದ್ದೀತು ಎಂದು ಅನಿಸುತ್ತದೆ.

ದಾರಿ ಇರುವುದು ಮಡಚಿಕೊಂಡು. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಘಾಟಿಯ ಬುಡದಿಂದ ಮೇಲಕ್ಕೆ ಸುಮಾರು 500 ಮೀಟರ್ ಏರು, ಸುಮಾರು ಹತ್ತು ಕಿಲೋಮೀಟರ್ ರಸ್ತೆ ಎಂದು ಲೆಕ್ಕಕ್ಕೆ ಹಿಡಿಯೋಣ. ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಮೇಲೆ. ಇದನ್ನೇ ಶೇ. 5ರ ಏರು, ಅಥವಾ 20ಕ್ಕೆ 1 ಎನ್ನುವುದು. ನಮ್ಮ ದೇಶದಲ್ಲಿ ಬೆಟ್ಟದ ರಸ್ತೆ ಕಟ್ಟುವ ಎಂಜಿನಿಯರುಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆಯೂ ಇದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಲ್ಲಿ ಪರ್ವತ ಪ್ರದೇಶಕ್ಕೆ ಶೇ. 5, ಅನಿವಾರ್ಯವಾದರೆ ಶೇ. 6, ತೀರಾ ಬೇರೆ ದಾರಿಯೇ ಇಲ್ಲದಿದ್ದರೆ ಸ್ವಲ್ಪ ದೂರ ಮಾತ್ರ ಶೇ. 7. ಈಗ ಬೆಟ್ಟದ ಮೈ ಎರಡೇ ಕಿಲೋಮೀಟರ್ ಅಗಲ ಇದ್ದು, 500 ಮೀಟರ್ ಎತ್ತರ ಏರಲು ಹತ್ತು ಕಿಲೋಮೀಟರ್ ರಸ್ತೆ ಬೇಕು ಎಂದಾದರೆ ಏನು ಮಾಡುವುದು? ಹಗ್ಗವನ್ನು ಮಡಚಿದ ಹಾಗೆ ಮಡಚುವುದು. ಆ ಮಡಿಕೆಗಳೇ ಆಗುಂಬೆಯ 14 ಹೇರ್‌ಪಿನ್ ತಿರುವುಗಳು. ಟಿ.ವಿ.ಯಲ್ಲಿ ಟೂರ್ ಡಿ ಫ್ರಾನ್ಸ್ ನೋಡುವವರಿಗೆ ಆಲ್ಪ್ ಡ್ಯುಯೆಜ್ ಎಂಬ ಏರಿನ ಹೆಸರು ಗೊತ್ತಿರಬಹುದು. ಅಲ್ಲಿ 21 ತಿರುವುಗಳು, 13.8 ಕಿ.ಮೀ. ಉದ್ದ, ಸರಾಸರಿ ಶೇ. 8ರ ಏರು. ನಮ್ಮದು ಅದಕ್ಕಿಂತ ಸೌಮ್ಯ. ಆದರೆ ಅಲ್ಲಿಯ ಸವಾರರ ಸೈಕಲ್ ಏಳೆಂಟು ಕಿಲೋ ತೂಗುತ್ತದೆ, ನಿಮ್ಮದು ಹದಿನೈದರಿಂದ ಇಪ್ಪತ್ತು.

ಈಗ ನೀವು ಪ್ರಥಮ ಪಿಯುಸಿಯಲ್ಲಿ ಓದಿದ ಭೌತಶಾಸ್ತ್ರವನ್ನು ಹೊರಗೆ ತೆಗೆಯಿರಿ. ನಿಮ್ಮ ತೂಕ 60 ಕಿಲೋ, ಸೈಕಲ್ 15 ಕಿಲೋ ಇರಲಿ. ಒಟ್ಟು 75. ಇದನ್ನು 500 ಮೀಟರ್ ಮೇಲೆತ್ತಲು ಬೇಕಾದ ಕೆಲಸ 75 × 9.8 × 500, ಅಂದರೆ ಸುಮಾರು 3,67,000 ಜೂಲ್. ಒಂದು ಮಹಡಿಗೆ ಮೂರು ಮೀಟರ್ ಎಂದರೆ 166 ಮಹಡಿ ಹತ್ತಿದಷ್ಟು. ನಮ್ಮ ಕಾಲೇಜಿನಲ್ಲಿ ಮೂರನೇ ಮಹಡಿಯ ಲ್ಯಾಬಿಗೆ ಬರುವಾಗಲೇ ಏದುಸಿರು ಬಿಡುವವರನ್ನು ನಾನು ಬಲ್ಲೆ, ಹೆಸರು ಹೇಳುವುದಿಲ್ಲ. ಟೈರು ಉರುಳುವಾಗಿನ ಘರ್ಷಣೆಯನ್ನೂ ಸೇರಿಸಿದರೆ ಕೆಲಸ ಸುಮಾರು 4,40,000 ಜೂಲ್ ಆಗುತ್ತದೆ. ನಮ್ಮ ದೇಹ ತಿಂದ ಆಹಾರದ ಶಕ್ತಿಯಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಭಾಗವನ್ನು ಮಾತ್ರ ಪೆಡಲಿಗೆ ಕೊಡುತ್ತದೆ. ಉಳಿದದ್ದು ಬೆವರು, ಬಿಸಿ. ಹಾಗಾಗಿ ಘಾಟಿ ಒಂದಕ್ಕೇ ಸುಮಾರು 450ರಿಂದ 500 ಕಿಲೋ ಕ್ಯಾಲೊರಿ ಬೇಕು. ಹೆಚ್ಚುಕಡಿಮೆ ಒಂದು ಹೊತ್ತಿನ ಊಟ. ಖಾಲಿ ಹೊಟ್ಟೆಯಲ್ಲಿ ಹೊರಟವನಿಗೆ ಆರನೆಯದೋ ಏಳನೆಯದೋ ತಿರುವಿನಲ್ಲಿ ಕೈಕಾಲು ನಡುಗುವುದು ಇದಕ್ಕೇ. ಹೆಬ್ರಿಯಲ್ಲಿ ಬನ್ಸ್, ಬಾಳೆಹಣ್ಣು ತಿಂದು, ಎರಡು ಬಾಟಲಿ ನೀರು ತುಂಬಿಸಿಕೊಂಡು ಹೊರಡಿ. ಉಪವಾಸದ ತಿಂಗಳಲ್ಲಿ ಈ ಸಾಹಸ ಬೇಡವೇ ಬೇಡ.

ಗೇರಿನ ಮಾತು. ನಿಮ್ಮಲ್ಲಿ ಹಲವರ ಮನೆಯಲ್ಲಿ ಎಂಟನೇ ತರಗತಿಯಲ್ಲಿ ಸರಕಾರ ಕೊಟ್ಟ ಸೈಕಲ್ ಇದೆ. 2006-07ರಲ್ಲಿ ಶುರುವಾದ ಆ ಯೋಜನೆ ಎಷ್ಟೋ ಮಕ್ಕಳನ್ನು ಹೈಸ್ಕೂಲು ಮುಟ್ಟಿಸಿದೆ, ಆ ಸೈಕಲ್ ಬಗ್ಗೆ ನನಗೆ ಗೌರವ ಇದೆ. ಆದರೆ ಅದಕ್ಕೆ ಗೇರಿಲ್ಲ. ಪೆಡಲಿನ ಬಳಿಯ ಚಕ್ರದ ಹಲ್ಲು ಎಣಿಸಿ, ಹಿಂದಿನ ಚಕ್ರದ ಹಲ್ಲೂ ಎಣಿಸಿ. ಮುಂದೆ 44, ಹಿಂದೆ 18 ಎಂದಿದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 5.1 ಮೀಟರ್ ಮುಂದೆ ಹೋಗುತ್ತದೆ. ಶೇ. 5ರ ಏರಿನಲ್ಲಿ ಅಷ್ಟು ದೂರ ತಳ್ಳಲು ಪೆಡಲ್ ಮೇಲೆ ಸರಾಸರಿ 21 ಕಿಲೋ ತೂಕದಷ್ಟು ಒತ್ತಬೇಕು. ಎಡಕಾಲು, ಬಲಕಾಲು, ಒಂದು ಕ್ಷಣ ಬಿಡದೆ, ಹತ್ತು ಕಿಲೋಮೀಟರ್. ಗೇರ್ ಇರುವ ಸೈಕಲ್‌ನಲ್ಲಿ ಮುಂದೆ 34, ಹಿಂದೆ 32 ಹಲ್ಲಿಗೆ ಹಾಕಿದರೆ ಒಂದು ಸುತ್ತಿಗೆ 2.2 ಮೀಟರ್ ಮಾತ್ರ, ಒತ್ತಡವೂ ಒಂಬತ್ತು ಕಿಲೋಗೆ ಇಳಿಯುತ್ತದೆ. ಕೆಲಸ ಕಡಿಮೆಯಾಗಲಿಲ್ಲ, ಗಮನಿಸಿ. ಅದೇ ಕೆಲಸವನ್ನು ಹೆಚ್ಚು ಸುತ್ತುಗಳಿಗೆ ಹಂಚಿದಿರಿ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ವೇಗ, ಒಂದೂಕಾಲು ಗಂಟೆಯಲ್ಲಿ ಮೇಲೆ. ನೂರು ವಾಟ್ ಸಾಕು, ಹಳೆಯ ಕಾಲದ ಒಂದು ಬಲ್ಬ್ ಉರಿಸುವಷ್ಟು. ಗೇರಿಲ್ಲದ ಸೈಕಲ್‌ನಲ್ಲಿ ತಿರುವು ತಿರುವಿಗೆ ಇಳಿದು ತಳ್ಳಿಕೊಂಡು ಹೋಗಬೇಕಾದೀತು. ಅದರಲ್ಲಿ ಅವಮಾನ ಏನೂ ಇಲ್ಲ. ತಳ್ಳಿಕೊಂಡು ಹೋದವರಿಗೇ ಕಾಡು ಹೆಚ್ಚು ಕಾಣುವುದು.

ತಿರುವಿನಲ್ಲಿ ಒಂದು ಸೂಕ್ಷ್ಮ ಇದೆ, ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಹೇರ್‌ಪಿನ್‌ನ ಒಳಗಿನ ಅಂಚು ಗಿಡ್ಡ, ಹೊರಗಿನ ಅಂಚು ಉದ್ದ. ಏರುವ ಎತ್ತರ ಮಾತ್ರ ಎರಡಕ್ಕೂ ಒಂದೇ. ಹಾಗಾದರೆ ಒಳ ಅಂಚು ಕಡಿದಾಗಿರಲೇಬೇಕು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಬಲಕ್ಕೆ ತಿರುಗುವ ತಿರುವಿನಲ್ಲಿ ಹೊರ ಅಂಚು ನಮ್ಮ ಪಾಲಿಗೆ, ಸ್ವಲ್ಪ ಉಸಿರು ತೆಗೆದುಕೊಳ್ಳಬಹುದು. ಎಡಕ್ಕೆ ತಿರುಗುವಾಗ ಒಳ ಅಂಚು, ಅಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯಬೇಕು. ಹೊರ ಅಂಚು ಸುಲಭ ಎಂದು ಬಲಬದಿಗೆ ಸರಿದುಬಿಡಬೇಡಿ. ಮೇಲಿನಿಂದ ಇಳಿಯುವ ವಾಹನಕ್ಕೆ ನೀವು ಕಾಣುವುದು ಕೊನೆಯ ಕ್ಷಣದಲ್ಲಿ. ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಇದೆ, ಆದರೆ ಮಿನಿ ಬಸ್ಸು, ಜೀಪು, ಪ್ರವಾಸಿಗರ ಕಾರುಗಳು ಬರುತ್ತಲೇ ಇರುತ್ತವೆ. ಏರುವವರಿಗೆ ಇನ್ನೊಂದು ಅನುಕೂಲ, ಅವರ ವೇಗವೇ ಗಂಟೆಗೆ ಏಳೆಂಟು ಕಿಲೋಮೀಟರ್. ಬ್ರೇಕ್ ಬೇಡ, ನಿಲ್ಲಿಸಿದರೆ ನಿಲ್ಲುತ್ತದೆ. ಏರುವಾಗ ಬಿದ್ದು ಕೈಕಾಲು ಮುರಿದುಕೊಂಡವರನ್ನು ನಾನು ನೋಡಿಲ್ಲ.

ಇಳಿಯುವಾಗ ಮುರಿದುಕೊಂಡವನನ್ನು ನೋಡಿದ್ದೇನೆ, ಅದು ನಾನೇ.

ಡಿಗ್ರಿಯ ಕೊನೆಯ ವರ್ಷ, ಡಿಸೆಂಬರ್ ತಿಂಗಳು. ಮೂವರು ಗೆಳೆಯರು ಹೊರಟೆವು, ಮೂವರದ್ದೂ ಗೇರಿಲ್ಲದ ಸೈಕಲ್. ಅರ್ಧ ತುಳಿದು ಅರ್ಧ ತಳ್ಳಿ ಮೇಲೆ ಮುಟ್ಟಿದೆವು. ಸೂರ್ಯಾಸ್ತದ ಕಟ್ಟೆಯಲ್ಲಿ ಕುಳಿತು ಕೆಳಗೆ ಕರಾವಳಿ ನೋಡಿದೆವು. ಸೂರ್ಯ ಮುಳುಗುವವರೆಗೂ ಕುಳಿತದ್ದೇ ಮೊದಲ ತಪ್ಪು. ಇಳಿಯುವಾಗ ಮಬ್ಬು ಕತ್ತಲೆ, ಅದರ ಮೇಲೆ ಆ ತಿಂಗಳಲ್ಲಿ ಯಾರೂ ನಿರೀಕ್ಷಿಸದ ಒಂದು ಹನಿ ಮಳೆ. ಹತ್ತಿದ ಶ್ರಮಕ್ಕೆ ಸಿಕ್ಕ ಬಹುಮಾನ ಎಂಬಂತೆ ಗಾಳಿಗೆ ಮುಖ ಒಡ್ಡಿ ಬಿಟ್ಟುಕೊಂಡು ಬಂದೆ. ನಾಲ್ಕೈದು ತಿರುವು ದಾಟಿತು. ಮುಂದಿನದರಲ್ಲಿ ಬ್ರೇಕ್ ಹಿಡಿದರೆ ಹಿಡಿಯಲೇ ಇಲ್ಲ. ಲಿವರ್ ಹ್ಯಾಂಡಲಿಗೆ ತಾಗುವವರೆಗೆ ಒತ್ತಿದ್ದೇನೆ, ಸೈಕಲ್ ಹೋಗುತ್ತಲೇ ಇದೆ. ತಿರುವಿನ ಅಂಚಿನಲ್ಲಿ ಮಳೆ ನೀರು ತಂದು ಹಾಕಿದ್ದ ಮರಳು ಇತ್ತು. ಮುಂದಿನ ಚಕ್ರ ಅದರ ಮೇಲೆ ಹತ್ತಿದ್ದು ನೆನಪಿದೆ. ಆಮೇಲೆ ಚರಂಡಿಯಲ್ಲಿ ಆಕಾಶ ನೋಡುತ್ತ ಮಲಗಿದ್ದೆ. ಬಿದ್ದದ್ದು ಬೆಟ್ಟದ ಬದಿಗೆ. ಇನ್ನೊಂದು ಬದಿಗೆ ಬಿದ್ದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಅಡಿಕೆ ಮೂಟೆ ತುಂಬಿದ್ದ ಜೀಪಿನವರು ನನ್ನನ್ನು ಮೂಟೆಗಳ ಮೇಲೆಯೇ ಮಲಗಿಸಿಕೊಂಡು ಹೆಬ್ರಿಗೆ ತಂದರು. ಹೆಗಲಿನ ಎಲುಬು ಮುರಿದಿತ್ತು, ಆರು ವಾರ ಕೈ ಕೊರಳಿಗೆ ಕಟ್ಟಿಕೊಂಡಿದ್ದೆ. ಉಮ್ಮ ಆ ಸೈಕಲನ್ನು ಗುಜರಿಗೆ ಕೊಟ್ಟರು, ನನ್ನನ್ನು ಕೇಳಲಿಲ್ಲ.

ಏನಾಗಿತ್ತು ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ, ಇದೇ ಪಾಠವನ್ನು ತರಗತಿಯಲ್ಲಿ ಮಾಡುವಾಗ. ಹತ್ತುವಾಗ ನೀವು ಕೂಡಿಟ್ಟ 3,67,000 ಜೂಲ್ ಎಲ್ಲಿಗೂ ಹೋಗಿರುವುದಿಲ್ಲ. ಇಳಿಯುವಾಗ ಅಷ್ಟೂ ಹೊರಗೆ ಬರಲೇಬೇಕು. ಗಾಳಿ ಸ್ವಲ್ಪ ತಿನ್ನುತ್ತದೆ, ಟೈರು ಸ್ವಲ್ಪ. ಉಳಿದದ್ದನ್ನು ಬ್ರೇಕ್ ತಿನ್ನಬೇಕು. ಗಂಟೆಗೆ 20 ಕಿ.ಮೀ.ನಲ್ಲಿ ಇಳಿದರೆ ಬ್ರೇಕಿನ ಪಾಲು ಸುಮಾರು ಎರಡು ಲಕ್ಷ ಜೂಲ್. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 70 ಡಿಗ್ರಿಗೂ ಮೇಲೆ ಕಾಯಿಸುವಷ್ಟು ಬಿಸಿ. ಅದೆಲ್ಲ ನಾಲ್ಕು ರಬ್ಬರ್ ತುಂಡುಗಳು ಮತ್ತು ಎರಡು ರಿಮ್‌ಗಳ ಮೂಲಕ ಹೋಗಬೇಕು. ಉದ್ದಕ್ಕೂ ಬ್ರೇಕ್ ಒತ್ತಿಹಿಡಿದೇ ಬಂದರೆ ರಬ್ಬರ್ ಸವೆಯುತ್ತದೆ, ರಿಮ್ ಕಾಯುತ್ತದೆ, ಕೆಲವೊಮ್ಮೆ ಟ್ಯೂಬು ಸಿಡಿಯುತ್ತದೆ. ಇನ್ನು ಹಳೆಯ ಸೈಕಲಿನ ಹೊಳೆಯುವ ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ನನ್ನದು ಅದೇ ಆಗಿತ್ತು. ಅಲ್ಯುಮಿನಿಯಂ ರಿಮ್ ಇದಕ್ಕಿಂತ ಮೇಲು. ಡಿಸ್ಕ್ ಬ್ರೇಕ್ ಇನ್ನೂ ಮೇಲು.

ಬ್ರೇಕ್ ಸರಿ ಇದ್ದರೂ ತಿರುವು ಬಿಡುವುದಿಲ್ಲ. ಹೇರ್‌ಪಿನ್ ತಿರುವಿನ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳಿ. ನಿಯಮದ ಪ್ರಕಾರ ಒಳ ಅಂಚಿಗೆ ಕನಿಷ್ಠ 14 ಮೀಟರ್ ಇರಬೇಕು. ವೃತ್ತಾಕಾರದಲ್ಲಿ ತಿರುಗಲು ಬೇಕಾದ ವೇಗೋತ್ಕರ್ಷ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇದು ಗುರುತ್ವದ 0.21 ಪಟ್ಟು. ಅಂದರೆ ಟೈರಿಗೂ ರಸ್ತೆಗೂ ನಡುವಿನ ಘರ್ಷಣಾಂಕ 0.21 ಇದ್ದರೆ ಸಾಕು, ಒದ್ದೆ ರಸ್ತೆಯಲ್ಲೂ ತಿರುಗಬಹುದು. ಗಂಟೆಗೆ 40ಕ್ಕೆ ಏರಿಸಿ. ವೇಗ ಎರಡು ಪಟ್ಟು, ಬೇಕಾದ ಘರ್ಷಣೆ ನಾಲ್ಕು ಪಟ್ಟು, 0.84. ಒಣಗಿದ ಒಳ್ಳೆಯ ಟಾರಿನ ಮೇಲೂ 0.7, 0.8ರ ಆಸುಪಾಸು ಸಿಗುತ್ತದೆ ಅಷ್ಟೆ. ಮರಳೋ ಒದ್ದೆ ಎಲೆಯೋ ಇದ್ದರೆ ಅದರ ಅರ್ಧವೂ ಇಲ್ಲ. ಆಗ ಸೈಕಲ್ ತಿರುಗುವುದಿಲ್ಲ, ನೇರ ಹೋಗುತ್ತದೆ. ನೀವು ಎಷ್ಟು ಚೆನ್ನಾಗಿ ಸೈಕಲ್ ಓಡಿಸುತ್ತೀರಿ ಎಂಬುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನು ಆಗುಂಬೆಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಬಿಟ್ಟರೆ ಗಂಟೆಗೆ 35, 40 ಕಿ.ಮೀ. ವೇಗ ತಾನಾಗಿ ಬರುತ್ತದೆ, ತುಳಿಯುವುದೇ ಬೇಡ. ಆ ವೇಗದಲ್ಲಿ ಎದುರಿಗೆ ಏನೋ ಕಂಡು, ಒಂದು ಸೆಕೆಂಡಿನಲ್ಲಿ ಬ್ರೇಕ್ ಹಿಡಿದು, ನಿಲ್ಲುವಷ್ಟರಲ್ಲಿ 30 ಮೀಟರ್ ದಾಟಿರುತ್ತೀರಿ. ಗಂಟೆಗೆ 20ರಲ್ಲಿ ಹನ್ನೊಂದು ಮೀಟರ್ ಸಾಕು. ತಿರುವಿನಲ್ಲಿ ಎಷ್ಟು ಮೀಟರ್ ಮುಂದೆ ಕಾಣುತ್ತದೆ ಎಂಬುದನ್ನು ಹತ್ತುವಾಗಲೇ ನೋಡಿಟ್ಟುಕೊಳ್ಳಿ.

ಆದ್ದರಿಂದ ಇಳಿಯುವ ಕ್ರಮ ಇದು: ತಿರುವಿಗೆ ಮೊದಲೇ, ಸೈಕಲ್ ಇನ್ನೂ ನೇರ ಇರುವಾಗಲೇ, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ವೇಗ ಇಳಿಸಬೇಕು. ತಿರುವಿನೊಳಗೆ ಹೋದ ಮೇಲೆ ಗಟ್ಟಿಯಾಗಿ ಒತ್ತಬಾರದು. ನೇರ ಭಾಗದಲ್ಲಿ ಬಿಟ್ಟುಬಿಟ್ಟು ಹಿಡಿಯಬೇಕು, ರಿಮ್‌ಗೆ ತಣಿಯಲು ಸಮಯ ಸಿಗುತ್ತದೆ. ಮೂರು ನಾಲ್ಕು ತಿರುವಿಗೊಮ್ಮೆ ಬದಿಗೆ ನಿಲ್ಲಿಸಿ, ಬೆರಳು ಕೊಡವಿಕೊಂಡು ಮುಂದುವರಿಯಬೇಕು. ಲಿವರ್ ಹಿಡಿದು ಹಿಡಿದು ಬೆರಳು ಸೋಲುವುದು ನಿಜ. ಮೇಲೆ ಹವೆ ಮೂರು ನಾಲ್ಕು ಡಿಗ್ರಿ ತಂಪು, ಬೆವರಿದ ಅಂಗಿಗೆ ಗಾಳಿ ಬಡಿದರೆ ಕೈ ಮರಗಟ್ಟುತ್ತದೆ. ಒಂದು ಒಣ ಅಂಗಿ ಚೀಲದಲ್ಲಿರಲಿ. ಹೆಲ್ಮೆಟ್ ಬಗ್ಗೆ ನಾನು ವಾದ ಮಾಡುವುದಿಲ್ಲ, ಇಲ್ಲದವರು ಬರುವುದು ಬೇಡ. ದುಪ್ಪಟ್ಟಾ, ಬುರ್ಖಾದ ಅಂಚು, ಅಗಲ ಪ್ಯಾಂಟಿನ ಕಾಲು ಚೈನಿಗೆ ಸಿಕ್ಕದಂತೆ ಚೈನ್ ಕವರ್ ಇರುವ ಸೈಕಲ್ ತನ್ನಿ, ಅಥವಾ ಕಾಲಿನ ಬಳಿ ಪಟ್ಟಿ ಕಟ್ಟಿಕೊಳ್ಳಿ.

ಆಗುಂಬೆಯ ಮಳೆಯ ಬಗ್ಗೆ ಹೇಳಲೇಬೇಕಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು, ಬೆಂಗಳೂರಿನ ಏಳು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಇಲ್ಲ, ಅಕ್ಟೋಬರ್ ನಂಬುವಂತಿಲ್ಲ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಮೇಲೆ ಮುಟ್ಟಿದವರಿಗೆ ನೋಡಲು ಬೇಕಾದಷ್ಟಿದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಊರು ಅದು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ, ರೋಮ್ಯುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರವೂ ಅಲ್ಲಿದೆ. ನನ್ನ ಅಜ್ಜನಿಗೆ ಮಾತ್ರ ಆಗುಂಬೆ ಎಂದರೆ ತೀರ್ಥಹಳ್ಳಿ ಸಂತೆಗೆ ಒಣಮೀನಿನ ಚೀಲ ಸಾಗಿಸುವ ದಾರಿ. ಬಸ್ಸು ತಿರುವಿನಲ್ಲಿ ಹಿಂದೆ ಮುಂದೆ ಮಾಡುವಾಗ ಚೀಲ ಬಿದ್ದೀತು ಎಂದು ಮಾಡಿನ ಮೇಲೆಯೇ ಕಣ್ಣಿಟ್ಟು ಕುಳಿತಿರುತ್ತಿದ್ದರಂತೆ. ಅಷ್ಟು ಸಲ ಹೋಗಿಯೂ ಸೂರ್ಯಾಸ್ತ ನೋಡಿದ್ದಿಲ್ಲ.

ಬೇರೆ ಘಾಟಿಗಳ ಬಗ್ಗೆಯೂ ಕೇಳಿದ್ದೀರಿ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪಲೇಬೇಕೆಂದಿಲ್ಲ.

ಹೊಸಬರಿಗೆ ಆಗುಂಬೆಗಿಂತ ಒಳ್ಳೆಯದು ಹೊನ್ನಾವರದಿಂದ ಗೇರುಸೊಪ್ಪೆಯ ದಾರಿ ಎಂದು ನನಗೆ ಅನಿಸುತ್ತದೆ. ಸುಮಾರು 30 ಕಿಲೋಮೀಟರ್, ಹೆಚ್ಚಿನ ಭಾಗ ಶರಾವತಿಯ ಪಕ್ಕದಲ್ಲೇ. ಬೆಟ್ಟ ಹತ್ತದೆಯೇ ಬೆಟ್ಟದ ನಡುವೆ ಹೋಗಬಹುದಾದ ಕಣಿವೆ ಅದು. ಅಡಿಕೆ ತೋಟ, ನದಿ, ಎರಡೂ ಕಡೆ ಗುಡ್ಡ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಇದು. ಅವಳ ಕಾಲದ ಮೆಣಸು ಇದೇ ಕಣಿವೆಯಿಂದ ಸಮುದ್ರಕ್ಕೆ ಇಳಿದದ್ದು. ಅಲ್ಲಿಗೇ ನಿಲ್ಲಿಸಿ ಹಿಂದಿರುಗಿದರೂ ಒಂದು ದಿನದ ಒಳ್ಳೆಯ ಸವಾರಿ. ತಾಕತ್ತಿದ್ದವರು ಮುಂದೆ ಮಾಲೆಮನೆ ಘಾಟಿ ಹತ್ತಿ ಮಾವಿನಗುಂಡಿ ದಾಟಿ ಜೋಗಕ್ಕೆ ಹೋಗಬಹುದು. ಒಟ್ಟು ಸುಮಾರು 60 ಕಿ.ಮೀ. ಘಾಟಿಯ ಕಾಡಿನಲ್ಲಿ ಸಿಂಗಳೀಕ ಕಾಣಸಿಗುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಬಿಸ್ಕತ್ತು ಹಾಕಿ ರಸ್ತೆಗೆ ಕರೆಯಬೇಡಿ, ಗಾಡಿಯಡಿಗೆ ಸಿಕ್ಕು ಸಾಯುತ್ತವೆ.

ಸುಳ್ಯದಿಂದ ಸಂಪಾಜೆ ಮೂಲಕ ಮಡಿಕೇರಿ ಉದ್ದದ ಏರು. ಸಂಪಾಜೆಯವರೆಗೆ ಪಯಸ್ವಿನಿಯ ಕಣಿವೆ, ಆಮೇಲೆ ಮಡಿಕೇರಿಯ 1,150 ಮೀಟರ್ ಎತ್ತರಕ್ಕೆ ರಸ್ತೆ ಮೆಲ್ಲಮೆಲ್ಲನೆ ಹತ್ತುತ್ತದೆ. ಒಟ್ಟು ಎತ್ತರ ಆಗುಂಬೆಯ ಎರಡು ಪಟ್ಟು, ಆದರೆ ಏರು ಅಷ್ಟು ಕಡಿದಲ್ಲ. ತಾಳ್ಮೆ ಇರುವವರ ದಾರಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದದ್ದು ನಿಮಗೆ ನೆನಪಿಲ್ಲದಿದ್ದರೂ ನಿಮ್ಮ ಮನೆಯವರಿಗೆ ನೆನಪಿರುತ್ತದೆ. ಚಾರ್ಮಾಡಿಯೂ ಹಾಗೆಯೇ, ನೋಟಕ್ಕೆ ಇವೆಲ್ಲಕ್ಕಿಂತ ಮೇಲು, ಮೈಗೆ ಮೈ ತಾಗಿದಂತೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. 2019ರ ಮಳೆಯಲ್ಲಿ ರಸ್ತೆಯೇ ಅಲ್ಲಲ್ಲಿ ಕುಸಿದು ಸಂಚಾರ ನಿಂತಿತ್ತು. ಹೋಗುವ ಮುಂಚಿನ ದಿನ ಪತ್ರಿಕೆ ನೋಡಿ, ಅಥವಾ ಉಜಿರೆಯಲ್ಲಿ ಬಸ್ಸಿನವರನ್ನು ಕೇಳಿ. ಕುದುರೆಮುಖದ ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೇಳದೆ ಹೊರಡಬೇಡಿ.

ಶಿರಾಡಿ ಮಾತ್ರ ಬೇಡ. ಬೆಂಗಳೂರು ಮಂಗಳೂರು ಹೆದ್ದಾರಿಯ ಲಾರಿ, ಟ್ಯಾಂಕರ್‌ಗಳ ನಡುವೆ ಸೈಕಲಿಗೆ ಅಲ್ಲಿ ಜಾಗವೇ ಇಲ್ಲ. ಆ ಕಣಿವೆಯನ್ನು ನೋಡಬೇಕಿದ್ದರೆ ಸಕಲೇಶಪುರ ಸುಬ್ರಹ್ಮಣ್ಯ ನಡುವೆ ಹಗಲಿನ ರೈಲಿನಲ್ಲಿ ಹೋಗಿ, 57 ಸುರಂಗಗಳು. ರೈಲು ಹಳಿಯ ಏರು ಅಲ್ಲಿ 50ಕ್ಕೆ 1, ಅಂದರೆ ಶೇ. 2. ಉಕ್ಕಿನ ಮೇಲೆ ಉಕ್ಕು ಅದಕ್ಕಿಂತ ಕಡಿದನ್ನು ಏರಲು ಒದ್ದಾಡುತ್ತದೆ. ನಮ್ಮ ರಬ್ಬರ್ ಟೈರು ಶೇ. 5ನ್ನು ಏರುತ್ತದೆ ಎಂಬುದು ಸೈಕಲ್ ಸವಾರರಿಗೆ ಸ್ವಲ್ಪ ಹೆಮ್ಮೆಯ ವಿಷಯ.

ಇದರಲ್ಲೇ ಮುಂದುವರಿಯಬೇಕು ಎನ್ನುವವರಿಗೆ 2008ರಿಂದ ನಡೆಯುತ್ತಿರುವ ಟೂರ್ ಆಫ್ ನೀಲಗಿರೀಸ್ ಇದೆ. ಕರ್ನಾಟಕ, ತಮಿಳುನಾಡು, ಕೇರಳದ ಘಟ್ಟದ ರಸ್ತೆಗಳಲ್ಲಿ ಹಲವು ದಿನಗಳ ಸವಾರಿ. ಅದು ಡಿಗ್ರಿ ಮುಗಿಸಿ ಸಂಬಳ ಎಣಿಸುವಾಗಿನ ಮಾತು.

ಈಗ ನಮ್ಮ ಸಂಗತಿ. ಪ್ರಾಂಶುಪಾಲರು ಒಪ್ಪಿದ್ದಾರೆ. ಡಿಸೆಂಬರ್ ಮೊದಲ ಭಾನುವಾರ ಆಗುಂಬೆ. ಫಜ್ರ್ ನಮಾಜ್ ಮುಗಿದ ಕೂಡಲೇ ಕಾಲೇಜಿನ ಗೇಟಿನಲ್ಲಿ ಸೇರುವುದು. ಸೈಕಲ್‌ಗಳು ಪಿಕಪ್‌ನಲ್ಲಿ, ನಾವು ಬಸ್ಸಿನಲ್ಲಿ ಹೆಬ್ರಿಯವರೆಗೆ. ಅಲ್ಲಿ ತಿಂಡಿ ತಿಂದು ಸವಾರಿ ಶುರು. ಹತ್ತಿದವರು ಹತ್ತಬಹುದು, ಆಗದವರು ತಳ್ಳಬಹುದು, ಪಿಕಪ್ ಹಿಂದಿನಿಂದ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ವಾಪಸ್. ವಾಪಸ್ ಬರುವುದು ಬಸ್ಸಿನಲ್ಲಿ, ಸೈಕಲ್‌ಗಳು ಪಿಕಪ್‌ನಲ್ಲೇ. “ಇಳಿಯುವುದೇ ಮಜಾ ಅಲ್ವಾ ಸಾರ್” ಎಂದು ಆ ನಾಲ್ವರಲ್ಲಿ ಒಬ್ಬ ಮುಖ ಸಪ್ಪೆ ಮಾಡಿದ. ಮಜಾ ಹೌದು. ಬ್ರೇಕ್ ಹಿಡಿದು ಇಳಿಯುವುದನ್ನು ಮೊದಲು ಮಣಿಪಾಲದ ಇಳಿಜಾರಿನಲ್ಲಿ, ಹಗಲಲ್ಲಿ, ಗಂಟೆಗೆ 20 ದಾಟದೆ ನಾಲ್ಕು ಸಲ ಮಾಡಿ ತೋರಿಸಿದವರನ್ನು ಮುಂದಿನ ಸಲ ಯೋಚಿಸೋಣ.

ಬರುವವರು ಗುರುವಾರ ಸಂಜೆ ನಾಲ್ಕು ಗಂಟೆಗೆ ಸೈಕಲನ್ನು ಲ್ಯಾಬಿನ ಹಿಂದಿನ ಶೆಡ್ಡಿಗೆ ತನ್ನಿ. ಬ್ರೇಕ್ ರಬ್ಬರ್, ಬ್ರೇಕ್ ಕೇಬಲ್, ಟೈರು, ಚೈನ್ ನೋಡುತ್ತೇವೆ. ಉಕ್ಕಿನ ರಿಮ್ ಇದ್ದರೂ ತನ್ನಿ, ಹತ್ತಲಿಕ್ಕೆ ತೊಂದರೆ ಇಲ್ಲ. ಮನೆಯವರ ಸಹಿ ಇರುವ ಪತ್ರ ಕಡ್ಡಾಯ. ಸಹಿ ಅಣ್ಣನದ್ದಲ್ಲ, ತಂದೆಯದ್ದೋ ತಾಯಿಯದ್ದೋ ಆಗಿರಲಿ.